ಉಡದ ಸೀರೆಯ ಮಹಜರು

ನನ್ನ ಭಾವನನ್ನು, ಅಂದರೆ ತೀರಿಕೊಂಡ ನನ್ನ ಮೊದಲ ಗಂಡನ ಅಣ್ಣನನ್ನು, ನಾನು ಕ್ಷಮಿಸಿಲ್ಲ. ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಿಬಿಡಬೇಕು, ಮನಸ್ಸು ಹಗುರಾಗುತ್ತದೆ ಎಂದು ಬುದ್ಧಿ ಹೇಳುವವರು ಬಹಳ ಮಂದಿ. ನನ್ನ ಮನಸ್ಸು ಅರ್ಧ ಹಗುರಾಗಿದೆ, ಅದೂ ಕ್ಷಮಿಸಿದ್ದರಿಂದಲ್ಲ. ಉಳಿದರ್ಧ ಇದನ್ನು ಬರೆದು ಮುಗಿಸಿದ ಮೇಲೆ ನೋಡೋಣ. ಎದುರಿಗೆ ಸಿಕ್ಕಾಗಲೆಲ್ಲ ಅವನನ್ನು ‘ನೀವು’ ಎಂದೇ ಮಾತಾಡಿಸಿದ್ದೇನೆ. ಬರೆಯುವಾಗ ಆ ಮರ್ಯಾದೆ ಕೊಡಲು ಕೈ ಬರುತ್ತಿಲ್ಲ.

ನನ್ನ ತವರು ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಬುಡದ ಒಂದು ಹಳ್ಳಿ. ನನ್ನನ್ನು ಕೊಟ್ಟಿದ್ದು ಗುಬ್ಬಿ ತಾಲ್ಲೂಕಿಗೆ, ಕಡಬದ ಹತ್ತಿರದ ಊರಿಗೆ. ನಾನು ತುಮಕೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಗಂಡ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಿಷನ್ನಿನ ಮೇಲೆ ಕೆಲಸ ಮಾಡುತ್ತಿದ್ದ. ಒಳ್ಳೆಯವನು, ಮಾತು ಕಡಿಮೆ, ಸಂಜೆ ಮನೆಗೆ ಬಂದರೆ ಅವನ ಅಂಗಿಯಿಂದ ಕಬ್ಬಿಣದ ಪುಡಿ ಉದುರುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಅವನಿಗೆ ಕಾಮಾಲೆಯಾಯಿತು. ಊರಿನವರು ಸೊಪ್ಪಿನ ರಸ ಕುಡಿಸುತ್ತಾ ಕೂತರು. ನಾನು ಜಗಳವಾಡಿ ಆಸ್ಪತ್ರೆಗೆ ತಂದು ಸೇರಿಸುವ ಹೊತ್ತಿಗೆ ಕಾಲ ಮೀರಿತ್ತು. ನನ್ನದೇ ವಾರ್ಡಿನಲ್ಲಿ ಹೋದ. ಮಕ್ಕಳಾಗಿರಲಿಲ್ಲ.

ತಿಥಿ ಮುಗಿದು ಒಂದೆರಡು ತಿಂಗಳಾಗಿತ್ತು. ಅತ್ತೆಗೆ ಹುಷಾರಿಲ್ಲ ಎಂದು ಹೇಳಿಕಳಿಸಿದರೆಂದು ಊರಿಗೆ ಹೋದೆ. ಹೋಗಿ ನೋಡಿದರೆ ಅತ್ತೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ನಡುಮನೆಯಲ್ಲಿ ಚಾಪೆ ಹಾಸಿ ಊರಿನ ನಾಲ್ಕಾರು ಮುದುಕಿಯರು ಕೂತಿದ್ದರು. ಎಲ್ಲರೂ ಗಂಡ ಸತ್ತವರು. ಭಾವ ಗುಬ್ಬಿಯಿಂದ ತಂದ ಒಂದು ಹಸಿರು ಸೀರೆ ಮೊರದಲ್ಲಿತ್ತು. ನೋಡಿದ ಕೂಡಲೇ ನನಗೆ ಅರ್ಥವಾಯಿತು, ಇದು ಉಡಿಕೆ.

ಉಡಿಕೆ ಎಂದರೆ ಗಂಡ ಸತ್ತವಳಿಗೆ ಇನ್ನೊಬ್ಬನ ಕಡೆಯಿಂದ ಹೊಸ ಸೀರೆ ಕೊಡುವುದು, ಅವಳು ಅದನ್ನುಟ್ಟು ಅವನ ಹೆಂಡತಿಯಾಗಿ ಬಾಳುವುದು. ಓಲಗವಿಲ್ಲ, ಚಪ್ಪರವಿಲ್ಲ, ಮುತ್ತೈದೆಯರು ಹತ್ತಿರ ಸುಳಿಯುವಂತಿಲ್ಲ. ಹೊತ್ತು ಮುಳುಗುವಾಗ ಗಂಡ ಸತ್ತ ಹೆಂಗಸರೇ ಕೂತು ಮುಗಿಸುತ್ತಾರೆ. ಹಳೆಯ ಪದ್ಧತಿ. ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಎಷ್ಟೋ ಹೆಂಗಸರು ಅದರಿಂದ ಮತ್ತೆ ಸಂಸಾರ ಕಂಡಿದ್ದಾರೆ. ಆದರೆ ಕೇಳಿ ಮಾಡಬೇಕಲ್ಲವೇ? ನನ್ನನ್ನು ಉಡಿಸಲು ಹೊರಟಿದ್ದು ಮೈದುನನಿಗೆ. ಅವನು ಆಗಿನ್ನೂ ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದ ಹುಡುಗ. ನನ್ನನ್ನು ಬಾಯ್ತುಂಬಾ ಅತ್ತಿಗೆ ಎಂದು ಕರೆದು ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದವನು. ಅವತ್ತು ಅಟ್ಟ ಹತ್ತಿ ಅಡಗಿ ಕೂತಿದ್ದ.

“ಉಟ್ಕೊಂಡ್ ಬಾರವ್ವ, ಹೊತ್ತಾಯ್ತು,” ಎಂದಳು ಅತ್ತೆ.

“ನಂಗೆ ನಾಳೆ ಬೆಳಿಗ್ಗೆ ಡ್ಯೂಟಿ ಐತೆ ಅತ್ತೆ,” ಎಂದೆ. ಸೀರೆಯನ್ನು ಎತ್ತಿ ಅವಳ ಮಡಿಲಿಗೆ ಹಾಕಿ, ಬ್ಯಾಗು ತೆಗೆದುಕೊಂಡು ಹೊರಗೆ ಬಂದೆ. ಭಾವ ಬಾಗಿಲಲ್ಲಿ ಅಡ್ಡ ನಿಂತಿದ್ದ. “ನಾನು ಕೂಗ್ಕೊಂಡ್ರೆ ಊರೆಲ್ಲಾ ಬರ್ತದೆ,” ಎಂದೆ. ಪಕ್ಕಕ್ಕೆ ಸರಿದ. ಗುಬ್ಬಿಗೆ ಹೋಗುವ ಬಸ್ಸು ಸಿಕ್ಕಿತು. ಅದಾದ ಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಸೀರೆ ದಂಡವಾಗಲಿಲ್ಲವಂತೆ. ಭಾವನ ಹೆಂಡತಿ ಅದನ್ನು ಉಟ್ಟು ಗುಬ್ಬಿ ಸಂತೆಗೆ ಬಂದಿದ್ದಳೆಂದು ಯಾರೋ ಹೇಳಿದರು.

ಆಮೇಲೆ ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ನರ್ಸುಗಳು ಬೇಕು ಎಂದು ಗೆಳತಿಯೊಬ್ಬಳು ಅರ್ಜಿ ಹಾಕಿಸಿದಳು. ಹೋದೆ. ಬಿಸಿಲು, ಮರಳು, ದುಡಿತ. ಮೊದಲ ವರ್ಷ ಅಳು, ಎರಡನೆಯ ವರ್ಷ ಅಭ್ಯಾಸ, ಹಾಗೇ ಐದು ವರ್ಷ ಕಳೆಯಿತು. ಅಲ್ಲಿಯ ಎಕ್ಸ್‌ರೇ ವಿಭಾಗದಲ್ಲಿ ಧಾರವಾಡದ ಕಡೆಯವನೊಬ್ಬನಿದ್ದ. ಕನ್ನಡದವಳು ಎಂದು ತಿಳಿದ ದಿನವೇ ಬಂದು, “ಸಿಸ್ಟರ್, ರೊಟ್ಟಿ ಬಡಿಯಾಕ ಬರ್ತೈತೇನ್ರಿ?” ಎಂದು ಕೇಳಿದ.

“ಬರಲ್ಲ. ನಿಮಗೆ ಮುದ್ದೆ ನುಂಗಕ್ಕೆ ಬರ್ತದಾ?” ಎಂದೆ.

ಅವನಿಗೂ ಬರುತ್ತಿರಲಿಲ್ಲ. ಕಲಿತ. ಅಗಿದು ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಗೆ ನುಂಗುವುದನ್ನು ಕಲಿತ. ನನಗಾಗಿ ಒಬ್ಬ ಗಂಡಸು ಇಷ್ಟು ಕಷ್ಟಪಟ್ಟಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ಮದುವೆಯಾಗೋಣ ಎಂದು ಅವನು ಕೇಳಿದಾಗ ಬಹಳ ಬೇಗ ಹ್ಞೂಂ ಅಂದುಬಿಟ್ಟೆ.

ಅಲ್ಲಿನ ಕಾನೂನಿನಲ್ಲಿ ಮದುವೆಯ ಕಾಗದವಿಲ್ಲದೆ ಗಂಡು ಹೆಣ್ಣು ಒಂದು ಮನೆಯಲ್ಲಿರುವ ಮಾತೇ ಇಲ್ಲ. ನರ್ಸುಗಳ ಹಾಸ್ಟೆಲಿನ ಗೇಟಿನೊಳಗೆ ಅವನು ಕಾಲಿಡುವಂತಿಲ್ಲ. ಇಷ್ಟರಲ್ಲಿ ಅವನಿಗೆ ದೂರದ ಇನ್ನೊಂದು ಊರಿಗೆ ವರ್ಗವಾಯಿತು. ಮದುವೆಯಾಗಿದ್ದರೆ ನನ್ನನ್ನೂ ಅಲ್ಲಿಗೆ ಹಾಕುತ್ತಾರೆ, ಇಲ್ಲದಿದ್ದರೆ ಅವನು ಅಲ್ಲಿ, ನಾನು ಇಲ್ಲಿ. ನಮ್ಮ ದೇಶದ ರಾಯಭಾರ ಕಚೇರಿಗೆ ಹೋದೆವು. ಗಂಡನ ಮರಣ ಪತ್ರ ನನ್ನ ಹತ್ತಿರವಿತ್ತು. ಅಲ್ಲಿದ್ದ ಗುಮಾಸ್ತರು ಅದನ್ನು ತಿರುಗಿಸಿ ನೋಡಿ, ಗಂಡ ಸತ್ತಿದ್ದಕ್ಕೆ ಇದು ಸರಿ, ಆದರೆ ಅದಾದ ಮೇಲೆ ನೀವು ಇನ್ನೊಂದು ಮದುವೆಯಾಗಿಲ್ಲ ಎನ್ನುವುದಕ್ಕೆ ಏನಿದೆ ಎಂದು ಕೇಳಿದರು. ನಿಮ್ಮ ತಾಲ್ಲೂಕಿನ ತಹಸೀಲ್ದಾರರಿಂದ ಬರೆಸಿಕೊಂಡು ಬನ್ನಿ ಎಂದರು. ರಜೆ ಹಾಕಿ ಊರಿಗೆ ಬಂದೆ. ರಜೆ ಮುಗಿಯುವುದರೊಳಗೆ ಕಾಗದ ಸಿಗಬೇಕು, ಸಿಗದಿದ್ದರೆ ಮದುವೆಯಿಲ್ಲ. ಅಷ್ಟೇ ನನ್ನ ಕೆಲಸ.

ಗುಬ್ಬಿ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಗಂಡನ ಊರಿನಲ್ಲಿ ಮಹಜರು ಆಗಬೇಕು ಎಂದರು. ಅಂದರೆ ರೆವಿನ್ಯೂ ಇನ್‌ಸ್ಪೆಕ್ಟರು ಊರಿಗೆ ಬಂದು, ಮನೆಯವರನ್ನೂ ಊರಿನ ನಾಲ್ಕು ಜನರನ್ನೂ ಕೇಳಿ, ಅವರು ಹೇಳಿದ್ದನ್ನು ಬರೆದು ರುಜು ಹಾಕಿಸಿಕೊಳ್ಳಬೇಕು. ಇದರಲ್ಲೇನು ಕಷ್ಟ ಎಂದುಕೊಂಡು ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ. ಅರಳೀಕಟ್ಟೆಯ ಮೇಲೆ ಇನ್‌ಸ್ಪೆಕ್ಟರು ಫೈಲು ಬಿಚ್ಚಿದರು. ಊರಿನ ಅರ್ಧ ಜನ ಸುತ್ತ ನಿಂತಿದ್ದರು. ಭಾವ ಒಗೆದ ಪಂಚೆ ಉಟ್ಟು, ಟವಲು ಹೊದ್ದು, ನಿಧಾನವಾಗಿ ಬಂದ.

“ನಿಮ್ಮ ತಮ್ಮನ ಹೆಂಡ್ತಿ ಮತ್ತೆ ಮದ್ವೆ ಆಗಿಲ್ಲ ಅಲ್ವಾ?” ಎಂದರು ಇನ್‌ಸ್ಪೆಕ್ಟರು, ಪೆನ್ನು ತೆರೆದು.

“ಯಾರ್ ಸಾರ್ ಹಂಗಂದಿದ್ದು? ನಮ್ಮ ಚಿಕ್ ತಮ್ಮನ್ಗೆ ಉಡಿಕೆ ಆಗವ್ಳೆ. ಸೀರೆ ತಂದೋನು ನಾನೇ. ಹಸ್ರು ಸೀರೆ. ಬೇಕಾದ್ರೆ ಕೇಳಿ ಊರ್ನೋರ್ನ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸುಳ್ಳು ಎಂದು ಕಿರುಚಿದೆ. ಊರಿನವರ ಕಡೆ ತಿರುಗಿದೆ. ಒಬ್ಬ ಮೇಲೆ ನೋಡಿದ, ಒಬ್ಬ ಬೀಡಿ ಹಚ್ಚಿದ, ಇನ್ನೊಬ್ಬ ಕರು ಕಟ್ಟಬೇಕು ಎಂದು ಜಾಗ ಖಾಲಿ ಮಾಡಿದ. ಅವತ್ತು ನಡುಮನೆಯಲ್ಲಿ ಕೂತಿದ್ದ ಮುದುಕಿಯರಲ್ಲಿ ಒಬ್ಬಳು ಅಲ್ಲೇ ಇದ್ದಳು. ಎಲೆಅಡಿಕೆ ಮೆಲ್ಲುತ್ತಾ ನೆಲ ನೋಡಿದಳು. ಭಾವನನ್ನು ಎದುರು ಹಾಕಿಕೊಂಡು ಆ ಊರಿನಲ್ಲಿ ಬಾಳುವುದು ಕಷ್ಟ. ಇನ್‌ಸ್ಪೆಕ್ಟರು ಅವನ ಹೇಳಿಕೆ ಬರೆದು, ರುಜು ಹಾಕಿಸಿಕೊಂಡು, “ತಕರಾರಿದೆಯಮ್ಮ, ನಾನೇನ್ ಮಾಡ್ಲಿ,” ಎಂದು ಫೈಲು ಕಟ್ಟಿದರು.

ಅವರು ಹೋದ ಮೇಲೆ ಭಾವ ನನ್ನ ಹತ್ತಿರ ಬಂದ. “ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ ಅಂತ ಕಾಯ್ತಿದ್ದೆ ಕಣಮ್ಮ. ಬಂದೆಯಲ್ಲಾ,” ಎಂದು ನಕ್ಕ. ಆ ನಗು ಈಗಲೂ ನನ್ನ ಎದುರಿಗೇ ಇದೆ. ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕಿಕೊಂಡಿತ್ತು.

ಯಾಕೆ ಹೀಗೆ ಮಾಡಿದ ಎನ್ನುವುದು ನನಗೆ ಹೊಳೆಯಲಿಲ್ಲ. ತಮ್ಮ ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದು ಹೇಳಿದ. ಗಂಡ ಸತ್ತ ಮೇಲೆ ಅವನ ಪಾಲಿನ ತೆಂಗಿನ ತೋಟವನ್ನು ಭಾವ ಮೈದುನನ ಹೆಸರಿಗೆ ಮಾಡಿಸಿದ್ದನಂತೆ, ವಿಧವೆ ಇವನಿಗೇ ಉಡಿಕೆಯಾಗಿದ್ದಾಳೆ, ಇನ್ನು ಬೇರೆ ಪಾಲು ಯಾಕೆ ಎಂದು ಹೇಳಿ. ಈಗ ನಾನು ಇನ್ನೂ ವಿಧವೆ ಎಂದು ಒಪ್ಪಿದರೆ ಆ ಸುಳ್ಳು ಬಯಲಾಗುತ್ತದೆ, ತೋಟ ನನ್ನದಾಗುತ್ತದೆ. ಸತ್ಯವಾಗಿ ಹೇಳುತ್ತೇನೆ, ಆ ತೋಟ ನನಗೆ ಮರೆತೇ ಹೋಗಿತ್ತು. ನೆನಪು ಮಾಡಿಕೊಟ್ಟವನು ಭಾವನೇ.

“ಅಕ್ಕಾ, ತ್ವಾಟ ಬ್ಯಾಡ ಅಂತ ಬರ್ಕೊಟ್ಬುಡು. ಅವಾಗಾದ್ರೂ ನಿಜ ಹೇಳ್ತಾನೇನೋ. ನಿಂಗೆ ಆ ಕಾಗ್ದ ಮುಖ್ಯ,” ಎಂದ ತಮ್ಮ.

ಅವನು ಹೇಳಿದ್ದು ಸರಿಯೇ. ಬರೆದುಕೊಡಲು ಮನಸ್ಸು ಮಾಡಿಯೂ ಆಗಿತ್ತು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಭಾವನ ಮಾತನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ತಮ್ಮ ಗಾಬರಿಯಾದ. ನಾನು ಉಡಿಕೆಯಾಗಿದ್ದರೆ ಮೈದುನ ನನ್ನ ಗಂಡ. ಆ ಮೈದುನ ಈಗ ತುಮಕೂರಿನಲ್ಲಿ ಸರ್ಕಾರಿ ಗುಮಾಸ್ತ. ಅವನಿಗೆ ಶಾಸ್ತ್ರೋಕ್ತವಾಗಿ ಮದುವೆಯಾಗಿ ಹೆಂಡತಿಯೂ ಎರಡು ಮಕ್ಕಳೂ ಇದ್ದರು. ಸರ್ಕಾರಿ ನೌಕರನಿಗೆ ಇಬ್ಬರು ಹೆಂಡಿರಿರುವಂತಿಲ್ಲ. ನಾನೂ ಸರ್ಕಾರದ ಅನ್ನ ಉಂಡವಳು, ಕೆಲಸ ಹೋಗುತ್ತದೆಂದು ಗೊತ್ತು. ಭಾವನಿಗೆ ಇದು ಹೊಳೆದಿರಲಿಲ್ಲ. ಅವನ ಲೆಕ್ಕದಲ್ಲಿ ಉಡಿಕೆ ಊರಿನ ಮಾತು, ನೌಕರಿ ಪೇಟೆಯ ಮಾತು, ಎರಡೂ ಒಂದಕ್ಕೊಂದು ಎದುರಾಗುವುದೇ ಇಲ್ಲ.

ಮಾರನೆಯ ದಿನ ತಾಲ್ಲೂಕು ಕಚೇರಿಯಲ್ಲಿ ಭಾವನ ಹೇಳಿಕೆಯ ನಕಲು ಕೇಳಿ ಪಡೆದೆ. ತುಮಕೂರಿಗೆ ಹೋಗಿ, ಬಸ್ಸಿಳಿದವಳು ನೇರ ಬಟ್ಟೆ ಅಂಗಡಿಗೆ ನುಗ್ಗಿ ಒಂದು ಹಸಿರು ಸೀರೆ ತೆಗೆದುಕೊಂಡೆ. ಗೆಳತಿಯ ಮನೆಯಲ್ಲಿ ಅದನ್ನುಟ್ಟು, ತಲೆತುಂಬ ಹೂ ಮುಡಿದು, ಮೈದುನನ ಆಫೀಸಿಗೆ ಹೊರಟೆ. ಜೀವಮಾನದಲ್ಲಿ ಅಷ್ಟು ಖುಷಿಯಿಂದ ನಾನು ಅಲಂಕಾರ ಮಾಡಿಕೊಂಡಿಲ್ಲ, ನನ್ನ ಎರಡನೆಯ ಮದುವೆಗೂ ಇಲ್ಲ.

ಆಫೀಸಿನಲ್ಲಿ ಜವಾನ ತಡೆದ. “ಯಾರ್ ಬೇಕಮ್ಮಾ?”

“ನಮ್ಮ ಯಜಮಾನ್ರು.”

“ಯಾರು ನಿಮ್ಮ ಯಜಮಾನ್ರು?”

“ಅಗೋ, ಆ ಕಿಟಕಿ ಪಕ್ಕದ ಮೇಜು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಟೈಪ್‌ರೈಟರುಗಳು ಒಂದೊಂದಾಗಿ ನಿಂತವು.

ಮೈದುನ ಎದ್ದು ನಿಂತ. “ಅತ್ತಿಗೇ...”

“ಹೆಂಡ್ತೀನ ಯಾರಾದ್ರೂ ಅತ್ತಿಗೆ ಅಂತಾರಾ? ನಿಮ್ಮಣ್ಣ ರುಜು ಹಾಕಿ ಬರ್ಕೊಟ್ಟವ್ರೆ. ಓದ್ಕೊಳಿ. ನಿಮ್ಮ ಸಾಹೇಬ್ರಿಗೂ ಒಂದು ಕೊಡಣಾಂತ ಇದೀನಿ.”

ಓದಿದವನೇ ಕಾಗದ ಮಡಿಸಿ ಜೇಬಿಗೆ ತುರುಕಿಕೊಂಡ. ಹೊರಗೆ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಲಿಗೆ ಬೀಳುವುದೊಂದು ಬಾಕಿ. ತನಗೇನೂ ಗೊತ್ತಿಲ್ಲ, ಎಲ್ಲ ಅಣ್ಣನೇ ಮಾಡಿದ್ದು ಎಂದ. ಪಾಪ ಎಂದು ನಿಮಗನ್ನಿಸಬಹುದು. ನನಗನ್ನಿಸಲಿಲ್ಲ. ನನ್ನ ಗಂಡನ ತೋಟದ ತೆಂಗಿನಕಾಯಿ ಮೂಟೆ ಮೂಟೆಯಾಗಿ ಅವನ ಮನೆಗೆ ಬಂದು ಬೀಳುವಾಗ ಇದು ಹೇಗೆ ತನ್ನದಾಯಿತು ಎಂದು ಅವನು ಕೇಳಿರಲಿಲ್ಲ. ಅವನು ತರಿಸಿದ ಮಸಾಲೆ ದೋಸೆಯನ್ನು ಪೂರ್ತಿ ತಿಂದೆ. ನಾಳೆ ಬೆಳಿಗ್ಗೆ ಸಾಹೇಬರ ಬಾಗಿಲಲ್ಲಿರುತ್ತೇನೆ ಎಂದು ಹೇಳಿ ಕುಣಿಗಲ್ಲಿಗೆ ಬಸ್ಸು ಹತ್ತಿದೆ.

ಹೋಗಬೇಕಾಗಿ ಬರಲಿಲ್ಲ. ಬೆಳಿಗ್ಗೆ ನಾವಿನ್ನೂ ಹಲ್ಲುಜ್ಜುತ್ತಿರುವಾಗಲೇ ತವರುಮನೆಯ ಮುಂದೆ ಒಂದು ಕಾರು ಬಂದು ನಿಂತಿತು. ಮೊದಲು ಇಳಿದವಳು ಮೈದುನನ ಹೆಂಡತಿ. ಹಿಂದೆ ಮೈದುನ. ಕೊನೆಯಲ್ಲಿ, ಬಾಗಿಲು ಹಿಡಿದುಕೊಂಡು, ಭಾವ. ಆ ಹುಡುಗಿಯ ಕಣ್ಣು ರಾತ್ರಿಯೆಲ್ಲ ಅತ್ತು ಊದಿಕೊಂಡಿತ್ತು.

“ಅಕ್ಕಾ, ನೀವು ಮೊದಲ್ನೇ ಹೆಂಡ್ತಿ ಆದ್ರೆ ನಾನೇನು? ನನ್ ಮಕ್ಳೇನು?” ಎಂದಳು.

“ಅದನ್ನ ನಿಮ್ಮ ಭಾವನ್ನ ಕೇಳವ್ವ. ಉಡಿಕೆ ಮಾಡ್ಸಿದೋರು ಅವ್ರು.”

ಅವಳು ತಿರುಗಿ ಭಾವನನ್ನು ನೋಡಿದಳು. ಅವಳಿಗೆ ನಾನು ಮಾಡಿದ್ದು ಅನ್ಯಾಯ, ಅದೊಂದು ರಾತ್ರಿಯ ಮಟ್ಟಿಗೆ. ಆದರೆ ಅವಳು ನೋಡಿದ ಆ ನೋಟಕ್ಕೆ ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬಿಸಿತುಪ್ಪ ಬಾಯಲ್ಲಿತ್ತು. ಉಡಿಕೆ ನಿಜವೆಂದರೆ ತಮ್ಮನ ಕೆಲಸ ಹೋಗುತ್ತದೆ, ಸುಳ್ಳೆಂದರೆ ತೋಟ ಹೋಗುತ್ತದೆ.

“ಬರ್ಕೊಡ್ತೀನಿ ಬುಡಮ್ಮ. ಹಂಗೇನೂ ನಡೆದಿಲ್ಲ ಅಂತ ಬರ್ಕೊಡ್ತೀನಿ,” ಎಂದ ಜಗುಲಿಯ ತುದಿಯಲ್ಲಿ ಕೂತು.

“ಬರ್ಕೊಟ್ರೆ ಸಾಲ್ದು ಭಾವ. ಕಟ್ಟೆ ಮೇಲೆ ಹೇಳಿದ್ರಿ, ಕಟ್ಟೆ ಮೇಲೇ ಅಲ್ಲ ಅನ್ಬೇಕು. ಅದೇ ಜನದ ಮುಂದೆ.”

“ಊರ್ ಮುಂದೆ ಬ್ಯಾಡ ಕಣಮ್ಮ. ನಾನು ಮನೆಗ್ ದೊಡ್ಡೋನು.”

“ಅದ್ಕೇ ಊರ್ ಮುಂದೆ.”

ಅದೇ ಅರಳೀಕಟ್ಟೆ, ಅದೇ ಇನ್‌ಸ್ಪೆಕ್ಟರು. ಈ ಸಲ ಜನ ಇನ್ನೂ ಜಾಸ್ತಿ, ಸುದ್ದಿ ಬಸ್ಸಿಗಿಂತ ಮುಂಚೆ ಊರು ಸೇರಿತ್ತು. ಭಾವ ತಲೆ ತಗ್ಗಿಸಿ, ಉಡಿಕೆ ಆಗಿಲ್ಲ, ಅವಳು ಸೀರೆ ಉಡಲೇ ಇಲ್ಲ ಎಂದು ಗೊಣಗಿದ. ಜೋರಾಗಿ ಹೇಳಿಸಿ ಎಂದೆ. ಜೋರಾಗಿ ಹೇಳಿದ.

“ಮತ್ತೆ ಆ ಸೀರೆ ಏನಾಯ್ತು?” ಎಂದರು ಇನ್‌ಸ್ಪೆಕ್ಟರು, ಬರೆಯುತ್ತಲೇ.

“ನನ್ ಹೆಂಡ್ತಿ ಉಟ್ಕೊಂಡ್ಲು ಸಾರ್.”

ಹೋದ ಸಲ ನೆಲ ನೋಡಿದ್ದ ಮುದುಕಿ ಎಲೆಅಡಿಕೆ ಉಗಿದು ಬಾಯಿ ತೆರೆದಳು. “ಹಂಗಾರೆ ಉಡಿಕೆ ಆಗಿರಾದು ನಿಂಗೂ ನಿನ್ ಹೆಂಡ್ರುಗೂ ಅನ್ಲಾ!”

ಕಟ್ಟೆಯೇ ನಕ್ಕಿತು. ಇನ್‌ಸ್ಪೆಕ್ಟರು ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ಬೀಡಿಯವನು, ಕರುವಿನವನು, ಎಲ್ಲರೂ ಈಗ ನಾ ಮುಂದು ತಾ ಮುಂದು ಎಂದು ರುಜು ಹಾಕಿದರು. ನನಗೆ ಬೇಕಾಗಿದ್ದ ಕಾಗದ ರಜೆ ಮುಗಿಯುವ ಮೊದಲೇ ಕೈಗೆ ಬಂತು. ಇಂಥವರ ವಿಧವೆ, ಮರುಮದುವೆಯಾಗಿಲ್ಲ ಎಂದು ಅದರಲ್ಲಿತ್ತು. ಅದರ ನಕಲನ್ನೇ ಇಟ್ಟು ತೋಟವನ್ನೂ ನನ್ನ ಹೆಸರಿಗೆ ಮಾಡಿಕೊಡಲು ಅರ್ಜಿ ಹಾಕಿದೆ. ಬೇಡವಾಗಿದ್ದ ತೋಟ ಆಗ ಬೇಕೇ ಬೇಕಾಯಿತು. ಅದು ಕೈಗೆ ಬಂದ ಮೇಲೆ ನನ್ನ ತಮ್ಮ ಅದಕ್ಕೂ ಭಾವನ ತೋಟಕ್ಕೂ ನಡುವೆ ಬೇಲಿ ಹಾಕಿಸಿದ. ಭಾವ ತನ್ನ ಬಾವಿಗೆ ಸುತ್ತು ಹಾಕಿಕೊಂಡು ಹೋಗುವಂತಾಯಿತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಹೊಟ್ಟೆ ಇನ್ನೂ ಉರಿಯುತ್ತಿತ್ತು. ಮಸ್ಕತ್ತಿಗೆ ಹೊರಡುವ ಮೊದಲು ತುಮಕೂರಿನ ಒಂದು ಪ್ರೆಸ್ಸಿನಲ್ಲಿ ನನ್ನ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸಿದೆ. ಅರಿಶಿನ ಬಣ್ಣದ ಕಾರ್ಡು, ಮೇಲೆ ಗಣಪತಿ. ಮದುವೆ ಮಸ್ಕತ್ತಿನಲ್ಲಿ, ಇಲ್ಲಿಂದ ಹೋಗುವವರು ಯಾರೂ ಇಲ್ಲ. ಆದರೂ ಕೆಳಗೆ, ‘ತಮ್ಮ ಆಗಮನಾಭಿಲಾಷಿಗಳು’ ಎನ್ನುವ ಕಡೆ, ಮೊಟ್ಟಮೊದಲು ದಪ್ಪಕ್ಷರದಲ್ಲಿ ಭಾವನ ಹೆಸರು ಹಾಕಿಸಿದೆ. ವಿಧವೆಯ ಮರುಮದುವೆಗೆ ಅವನೇ ಕರೆಯುವವನು! ಕಡಬ, ಗುಬ್ಬಿ, ತುಮಕೂರು, ಎಲ್ಲಿ ಅವನ ನೆಂಟನಿದ್ದನೋ ಅಲ್ಲಿಗೆಲ್ಲ ಅಂಚೆಯಲ್ಲಿ ಕಳಿಸಿದೆ. ಸಿಕ್ಕಸಿಕ್ಕವರು ಅವನನ್ನು ತಡೆದು ಊಟ ಎಲ್ಲಪ್ಪಾ ಎಂದು ಕೇಳಲಿ, ಅವನು ನಾಚಿ ಸಾಯಲಿ ಎಂಬುದು ನನ್ನ ಆಸೆ.

ಮಸ್ಕತ್ತಿನಲ್ಲಿ ಮದುವೆ ಮುಗಿಯಿತು. ಗುಮಾಸ್ತರು ಕಾಗದ ನೋಡಿದರು, ಮುದ್ರೆ ಒತ್ತಿದರು, ಸಾಕ್ಷಿಗೆ ಬಂದವರಿಗೆಲ್ಲ ಪೇಢ ಹಂಚಿದೆವು. ಇಬ್ಬರೂ ಹೊಸ ಊರಿಗೆ ಹೋಗಿ ಒಂದೇ ಮನೆಯಲ್ಲಿ ಒಲೆ ಹಚ್ಚಿದೆವು.

ಎಂಬತ್ತರ ದಶಕದ ಕೊನೆಗೆ ಗಂಡನ ಜೊತೆ ರಜೆಗೆ ಬಂದಾಗ ಗುಬ್ಬಿಯ ಛತ್ರವೊಂದರಲ್ಲಿ ನಮ್ಮ ತವರಿಗೂ ಆ ಮನೆಗೂ ಬೇಕಾದ ನೆಂಟರ ಮದುವೆ. ಭಾವ ಮುಂದಿನ ಸಾಲಿನಲ್ಲಿ ಕೂತಿದ್ದ. ಯಾರೋ ಹಿರಿಯರು ಎದ್ದು ಅವನಿಗೆ ಶಾಲು ಹೊದಿಸಿದರು. ಮೈಕಿನಲ್ಲಿ ಹೇಳಿದರು: “ತಮ್ಮನ ಹೆಂಡ್ತೀನ ಮಗಳಂಗೆ ನೋಡ್ಕೊಂಡು, ಅವ್ಳ ಪಾಲು ಅವ್ಳಿಗೆ ಕೊಟ್ಟು, ತಾನೇ ಮುಂದೆ ನಿಂತು ಪರದೇಶದಲ್ಲಿ ಮದ್ವೆ ಮಾಡ್ಸಿದ ದೊಡ್ಡ ಮನುಷ್ಯ.” ಜನ ಚಪ್ಪಾಳೆ ತಟ್ಟಿದರು. ನಾನು ಕಳಿಸಿದ ಕಾರ್ಡಿಗೆ ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾನೆ ಎಂದು ಪಕ್ಕದವಳು ಹೇಳಿದಳು. ನನ್ನ ಮೈ ಉರಿದುಹೋಯಿತು. ಅವನ ಹೆಸರು ಕೆಡಿಸಲು ಅಚ್ಚು ಹಾಕಿಸಿದ್ದು ಅವನಿಗೆ ಹೆಸರು ತಂದುಕೊಟ್ಟಿತ್ತು.

ಅಷ್ಟರಲ್ಲಿ ಅವನು ನನ್ನನ್ನು ಕಂಡ. “ಬಾರಮ್ಮ, ಬಾ. ಇವ್ಳೇ ನನ್ ಮಗ್ಳು,” ಎಂದು ಎಲ್ಲರೆದುರಿಗೆ ಕೈ ಚಾಚಿದ. ನನ್ನ ಗಂಡ ಏನೂ ಅರಿಯದೆ, “ಹಿರೇರ ಅದಾರ, ನಮಸ್ಕಾರ ಮಾಡು,” ಎಂದು ಮೊಣಕೈಯಿಂದ ತಿವಿದ. ಛತ್ರಕ್ಕೆ ಛತ್ರವೇ ನೋಡುತ್ತಿತ್ತು. ಹೋದೆ. ಬಗ್ಗಿ ಅವನ ಕಾಲು ಮುಟ್ಟಿದೆ. ಆಶೀರ್ವಾದ ಮಾಡಲು ಅವನೂ ಬಗ್ಗಿದ. ಅವನ ಕಿವಿ ನನ್ನ ಬಾಯಿಯ ಹತ್ತಿರ ಬಂತು.

“ಭಾವ, ಆ ಹಸ್ರು ಸೀರೆ ಅಕ್ಕ ಇನ್ನೂ ಉಡ್ತಾರಾ?” ಎಂದೆ, ಅವನಿಗೊಬ್ಬನಿಗೇ ಕೇಳುವ ಹಾಗೆ.

ಅವನ ಕೈ ನನ್ನ ತಲೆ ಮುಟ್ಟದೆ ಗಾಳಿಯಲ್ಲೇ ನಿಂತಿತು. ಶಾಲು ಹೆಗಲಿನಿಂದ ಜಾರಿತು. ನಾನು ಎದ್ದು ಸೆರಗು ಸರಿಮಾಡಿಕೊಂಡು, ಗಂಡನನ್ನು ಕರೆದುಕೊಂಡು ಊಟದ ಪಂಕ್ತಿಗೆ ಹೋದೆ.